ಜಮಖಾನದ ಮೇಲೊಂದು ಊರು

ಮೇ ತಿಂಗಳಲ್ಲಿ ಬೆಳಿಗ್ಗೆ ಹತ್ತಕ್ಕೇ ಯಲಬುರ್ಗಾ ಸೀಮೆಯ ಎರೆಹೊಲಗಳಿಂದ ಝಳ ಏಳತೊಡಗುತ್ತದೆ. ಕಡಲೆ, ಬಿಳಿಜೋಳ ಮನೆ ಸೇರಿದ ಮೇಲೆ ನೆಲ ಬಿರುಕು ಬಿಡುತ್ತ ಬಂದು ಈಗ ಮಕ್ಕಳ ಕೈ ಮೊಣಕೈವರೆಗೆ ಇಳಿಯುವಷ್ಟು ಬಾಯಿ ತೆರೆದಿದೆ. ಹೆಂಗಸರು ನಸುಕಿನಲ್ಲೇ ರೊಟ್ಟಿ ಕಟ್ಟಿಕೊಂಡು ಖಾತ್ರಿ ಕೆಲಸಕ್ಕೆ ಹೋಗಿದ್ದಾರೆ. ಗಂಡಸರಲ್ಲಿ ಅರ್ಧದಷ್ಟು ಮಂದಿ ಬೇವಿನ ಕಟ್ಟೆಯ ಮೇಲೆ. ಉಳಿದರ್ಧ ಮಂಗಳೂರು, ಗೋವಾ, ಬೆಂಗಳೂರು ಅಂತ ದುಡಿಯಲು ಹೋದವರು. ಗುಳೆ ಹೋದ ಮನೆಗಳ ಬಾಗಿಲಲ್ಲಿ ಒಂದೋ ಕೀಲಿ ಇರುತ್ತದೆ, ಇಲ್ಲವೇ ಅಜ್ಜಿ ಮತ್ತು ಇಬ್ಬರು ಮೊಮ್ಮಕ್ಕಳು ಇರುತ್ತಾರೆ. ಶಾಲೆಗೆ ಸೂಟಿ. ಈ ಹೊತ್ತಿನಲ್ಲಿ ಊರೊಳಗೆ ಗದ್ದಲ ಕೇಳುವುದು ಪಂಚಾಯಿತಿ ಕಟ್ಟಡದ ಮಗ್ಗುಲಿನ ಎರಡು ಕೋಣೆಗಳಿಂದ ಮಾತ್ರ.

ಬಾಗಿಲ ಮೇಲೆ ಹಳದಿ ಬಣ್ಣದಲ್ಲಿ ‘ಅರಿವು ಕೇಂದ್ರ’ ಎಂದಿದೆ. ಹೊಸ ಬಣ್ಣದ ಅಡಿಯಿಂದ ಹಳೆಯ ‘ಗ್ರಂಥಾಲಯ’ ಎಂಬ ಅಕ್ಷರಗಳು ಇನ್ನೂ ಮಸುಕಾಗಿ ಇಣುಕುತ್ತವೆ. ಊರವರು ಎರಡನ್ನೂ ಹೇಳುವುದಿಲ್ಲ, ಲೈಬ್ರರಿ ಅನ್ನುತ್ತಾರೆ. ಹೊರಗಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಉದ್ದನೆಯ ಮೇಜು, ಪತ್ರಿಕೆಗಳು, ಪಿಎಸ್‌ಐ, ಪಿಡಿಒ ಪರೀಕ್ಷೆಯ ಗೈಡುಗಳ ಮೇಲೆ ಬಾಗಿದ ಇಬ್ಬರು ಮೂವರು ಯುವಕರು. ಕನ್ನಡಕದ ಹಿರಿಯರೊಬ್ಬರು ಕೃಷಿ ಪುಟದಲ್ಲಿ ಮೆಣಸಿನಕಾಯಿ ದರ ನೋಡುತ್ತ, ಒಳಗಿನ ಕೋಣೆಯ ಕಡೆ ಆಗಾಗ ಹುಬ್ಬು ಗಂಟಿಕ್ಕುತ್ತಾರೆ. ಆದರೆ ಎದ್ದು ಹೋಗುವುದಿಲ್ಲ. ಅವರ ಮೊಮ್ಮಗಳೂ ಒಳಗಿದ್ದಾಳೆ.

ಒಳಕೋಣೆ ಮಕ್ಕಳದು. ಗೋಡೆಯಿಂದ ಗೋಡೆಗೆ ಕೆಂಪು-ನೀಲಿ ಪಟ್ಟೆಯ ಜಮಖಾನ. ಕಿಟಕಿಯ ಸರಳಿಗೆ ಕಟ್ಟಿದ ನೈಲಾನ್ ಹಗ್ಗದ ಮೇಲೆ ತೆಳು ಚಿತ್ರಪುಸ್ತಕಗಳನ್ನು ನಡು ಬಿಚ್ಚಿ ಜೋತುಹಾಕಿದ್ದಾರೆ: ಪ್ರಥಮ್ ಬುಕ್ಸ್‌ನವು, ನವಕರ್ನಾಟಕದವು, ನ್ಯಾಷನಲ್ ಬುಕ್ ಟ್ರಸ್ಟಿನವು. ಹಗ್ಗ ಇರುವುದು ಆರು ವರ್ಷದ ಮಗುವಿನ ಎದೆಯ ಎತ್ತರಕ್ಕೆ. ಯಾರನ್ನೂ ಕೇಳದೆ, ಸ್ಟೂಲು ಹತ್ತದೆ ಎಳೆದುಕೊಳ್ಳಬಹುದು. ಇಷ್ಟು ಸಣ್ಣ ಏರ್ಪಾಟಿಗೆ ನಮ್ಮ ಸಾರ್ವಜನಿಕ ಗ್ರಂಥಾಲಯಗಳು ಬಂದು ಮುಟ್ಟಲು ಎಷ್ಟು ದಶಕ ಹಿಡಿಯಿತು ಎಂಬುದು ಗಾಜಿನ ಬೀರು ಕಂಡವರಿಗೆ ಗೊತ್ತು. ಹಳ್ಳಿಯ ಗ್ರಂಥಾಲಯವೆಂದರೆ ಬೀಗ ಹಾಕಿದ ಬೀರು, ಗಾಜಿನಾಚೆ ಬೆನ್ನು ತೋರಿಸಿ ನಿಂತ ಪುಸ್ತಕ. ಕಳೆದುಹೋದರೆ ತನ್ನ ತಲೆಗೆ ಬರುತ್ತದೆಂಬ ಅಂಜಿಕೆ ಬೀಗ ಹಾಕಿದವರದು. ಪುಸ್ತಕ ಇರುವುದು ಬಳಕೆಗೆ ಎಂಬುದನ್ನೇ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರವಾಗಿ ಬರೆದರು. ಅವರು ಕಡೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. ಪ್ರತಿ ಆಗಸ್ಟ್ 12ರಂದು ಅವರ ಫೋಟೋಕ್ಕೆ ಹಾರ ಹಾಕಿ, ಸಂಜೆ ಮತ್ತೆ ಬೀರಿಗೆ ಕೀಲಿ ಜಡಿದ ಗ್ರಂಥಾಲಯಗಳು ನಮ್ಮಲ್ಲಿ ಬೇಕಾದಷ್ಟಿದ್ದವು.

ಇಲ್ಲಿಯ ಮೇಲ್ವಿಚಾರಕಿಯನ್ನು ಮಕ್ಕಳು ‘ಅಕ್ಕಾರ’ ಅನ್ನುತ್ತಾರೆ. ಸರ್ಕಾರಿ ಕಾಗದದಲ್ಲಿ ಅವರ ಹುದ್ದೆಯ ಹೆಸರು ಗ್ರಂಥಾಲಯ ಮೇಲ್ವಿಚಾರಕರು. ಬಿ.ಎ. ಓದಿದವರು, ಇದೇ ಊರ ಸೊಸೆ, ಗೌರವಧನದ ಮೇಲೆ ದುಡಿಯುವವರು. ಬಾಗಿಲು ತೆರೆಯುವುದು, ಕಸ ಗುಡಿಸುವುದು, ಪತ್ರಿಕೆ ಜೋಡಿಸುವುದು, ಪುಸ್ತಕಕ್ಕೆ ನಂಬರು ಹಾಕಿ ರಿಜಿಸ್ಟರಿನಲ್ಲಿ ಏರಿಸುವುದು, ನಲವತ್ತು ಮಕ್ಕಳ ಜಗಳ ಬಿಡಿಸುವುದು ಎಲ್ಲ ಅವರೊಬ್ಬರದೇ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದಾಗ ತನ್ನ ಕೆಲಸ ಇರುತ್ತದೋ ಹೋಗುತ್ತದೋ ಎಂದು ನಿದ್ದೆಗೆಟ್ಟಿದ್ದರಂತೆ. ಮರುವರ್ಷ ಕೊರೊನಾ ಬಂತು, ಶಾಲೆಗಳು ಮುಚ್ಚಿದವು. ಆ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದವರೆಗಿನ ಮಕ್ಕಳಿಗೆಲ್ಲ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಪುಕ್ಕಟೆಯಾಯಿತು. ರಾಜ್ಯದಲ್ಲಿ ಇಂಥ ಗ್ರಂಥಾಲಯಗಳು 5,600ಕ್ಕೂ ಹೆಚ್ಚಿವೆ. ಆ ಹೊತ್ತಿಗೆ ಎಷ್ಟೋ ಊರುಗಳಲ್ಲಿ ಅಕ್ಷರ ಮರೆಯದಂತೆ ಮಕ್ಕಳನ್ನು ಹಿಡಿದಿಡಲು ಬೇರೆ ಜಾಗವೇ ಇರಲಿಲ್ಲ.

“ಮೊದ್ಲ ಹುಡುಗೋರು ಬಂದು ಬಾಗ್ಲಾಗ ನಿಂತು ಹೋಗ್ತಿದ್ರು ಸರ್. ಒಳಗ ಬರಾಕ ಅಂಜಿಕಿ. ಪುಸ್ತಕ ಕೊಟ್ರೂ ಒಲ್ಲೆ ಅನ್ನೋವು. ಆಮ್ಯಾಗ ಬಣ್ಣದ ಪೆನ್ಸಿಲ್ ಇಟ್ಟೆ ನೋಡ್ರಿ, ಜಾಗಾ ಸಾಲ್ದಂಗಾತು” ಅನ್ನುತ್ತಾರೆ ಅಕ್ಕ.

ಬೇಸಿಗೆ ಶಿಬಿರದ ಮೊದಲ ಒಂದು ತಾಸಿನಲ್ಲಿ ಯಾರೂ ಪುಸ್ತಕ ಮುಟ್ಟುವುದಿಲ್ಲ. ನಾನು ಹೋದ ದಿನ ಜಮಖಾನದ ನಡುವೆ ಎರಡು ಸ್ಟೀಲ್ ತಟ್ಟೆಗಳಿದ್ದವು. ಒಂದರಲ್ಲಿ ಮದ್ದು ಕೆರೆದು ತೆಗೆದ ಬೆಂಕಿಕಡ್ಡಿ. ಇನ್ನೊಂದರಲ್ಲಿ ಸೈಕಲ್ ಅಂಗಡಿಯಿಂದ ತಂದ ವಾಲ್‌ಟ್ಯೂಬಿನ ಪುಟ್ಟ ತುಂಡುಗಳು. ಪಕ್ಕದಲ್ಲಿ ಒಂದು ಹಿಡಿ ಜಾಲಿಮುಳ್ಳು. ಟ್ಯೂಬಿನ ತುಂಡಿನ ಎರಡೂ ತುದಿಗೆ ಕಡ್ಡಿ ತೂರಿಸಿದರೆ ಮಡಚುವ ಕೀಲು ಸಿದ್ಧ. ಮೂರು ಕಡ್ಡಿ ಸೇರಬೇಕಾದಲ್ಲಿ ತುಂಡಿನ ನಡುವೆ ಮುಳ್ಳಿನಿಂದ ತೂತು ಕೊರೆದು ಇನ್ನೊಂದು ತುಂಡನ್ನು ಸಿಕ್ಕಿಸಬೇಕು. ಈ ಮುಳ್ಳು ಕೊರೆಯುವ ಕೆಲಸಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಒಬ್ಬ ಹುಡುಗ ನಾಲಿಗೆ ಕಚ್ಚಿಕೊಂಡು, ಟ್ಯೂಬನ್ನು ಹೆಬ್ಬೆರಳಿನ ಉಗುರಿನ ಮೇಲಿಟ್ಟು, ಮುಳ್ಳನ್ನು ತಿರುವುತ್ತ ತಿರುವುತ್ತ ಇಳಿಸಿದ. ಆಚೆ ತುದಿ ಹೊರಬಂದು ಉಗುರಿಗೆ ತಾಗಿದಾಗ ‘ಸ್ಸ್’ ಅಂದ. ಮುಳ್ಳು ಮಾತ್ರ ಬಿಡಲಿಲ್ಲ.

ನಾಲ್ಕು ಕಡ್ಡಿ ಸೇರಿಸಿ ಚೌಕ ಮಾಡಿದವಳು ಅದರ ಮೂಲೆಯನ್ನು ಬೆರಳಿಂದ ಒತ್ತಿದಳು. ಚೌಕ ವಾಲಿ ಓರೆಯಾಯಿತು. ಮತ್ತೆ ಸರಿಮಾಡಿ ಒತ್ತಿದಳು, ಮತ್ತೆ ವಾಲಿತು. ಪಕ್ಕದವನ ತ್ರಿಕೋನವನ್ನು ಕಸಿದು ಒತ್ತಿ ನೋಡಿದಳು. ಅದು ಜಗ್ಗಲಿಲ್ಲ. “ಅಕ್ಕಾರ, ಮೂರ್ ಕಡ್ಡೀದು ಅಲ್ಲಾಡಂಗಿಲ್ರಿ, ನಾಕರದು ಅಲ್ಲಾಡ್ತೈತ್ರಿ. ಯಾಕ್ರಿ?” ಅಕ್ಕ ಉತ್ತರ ಕೊಡಲಿಲ್ಲ. ಹೊರಗೆ ಪಂಚಾಯಿತಿಯ ತಗಡಿನ ಶೆಡ್ಡಿದೆ, ಅದರ ಮೇಲೆ ನೋಡಿ ಬಾ ಅಂದರು. ಐದಾರು ಮಂದಿ ಬಿಸಿಲಿಗೆ ಓಡಿದರು. ತಗಡಿನ ಕೆಳಗೆ ಕಬ್ಬಿಣದ ಪಟ್ಟಿಗಳು ಸಾಲಾಗಿ ತ್ರಿಕೋನ ಕಟ್ಟಿ ನಿಂತಿದ್ದವು. ಹುಟ್ಟಿದಾಗಿನಿಂದ ಆ ಶೆಡ್ಡಿನಡಿ ಆಡಿದ ಮಕ್ಕಳು ಅಂದು ಮೊದಲ ಸಲ ತಲೆ ಎತ್ತಿ ನೋಡಿದರು.

ಈ ಕಡ್ಡಿ-ಟ್ಯೂಬಿನ ಆಟದ ಮೂಲಪುರುಷ ಅರವಿಂದ ಗುಪ್ತಾ. ಕಾನ್ಪುರ ಐಐಟಿಯ ಎಂಜಿನಿಯರು. ಟೆಲ್ಕೋದಲ್ಲಿ ಟ್ರಕ್ ಕಟ್ಟುವ ನೌಕರಿಗೆ 1978ರಲ್ಲಿ ರಜೆ ಹಾಕಿ, ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. ಪ್ರಯೋಗಶಾಲೆಯ ಸಾಮಾನು ಸಂತೆಯಲ್ಲೇ ಸಿಗಬೇಕೆಂಬುದು ಅವರ ಹಟ. 2018ರಲ್ಲಿ ಪದ್ಮಶ್ರೀ ಬಂತು. ಅವರ ಪುಸ್ತಕವೊಂದರ ಪುಟಗಳನ್ನು ಅಕ್ಕ ಫೋನಿನಲ್ಲಿ ಇಳಿಸಿಕೊಂಡಿದ್ದಾರೆ. ಚೌಕದ ಹುಡುಗಿ ಶೆಡ್ಡಿನಿಂದ ವಾಪಸು ಬಂದವಳೇ ಹಗ್ಗದ ಕಡೆ ಹೋಗಿ, ಸೇತುವೆಗಳ ಚಿತ್ರವಿದ್ದ ಪುಸ್ತಕವನ್ನು ಎಳೆದು ತಂದು ಕೂತಳು. ಓದಲಿಲ್ಲ, ತ್ರಿಕೋನ ಎಣಿಸಿದಳು. ಸಾಲದೆ?

ಕೈಗೆ ಕೆಲಸ ಕೊಟ್ಟು ಮಕ್ಕಳನ್ನು ಪುಸ್ತಕದತ್ತ ತಿರುಗಿಸುವುದು ಕನ್ನಡಕ್ಕೆ ಹೊಸದಲ್ಲ. ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ್ದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕುಣಿಸಿ, ಆಡಿಸಿ, ಸುತ್ತಾಡಿಸಿ, ಆ ದಿನಗಳಲ್ಲೇ ಅವರಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನೂ ಬರೆದರು. ಇಂದು ಬೆಂಗಳೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಿ ಬೇಸಿಗೆ ಶಿಬಿರಕ್ಕೆ ಸಾವಿರಗಟ್ಟಲೆ ಶುಲ್ಕ ಕಟ್ಟಿ, ಟೋಪಿ, ಟೀ-ಶರ್ಟು ಸಮೇತ ಮಕ್ಕಳನ್ನು ಬಿಟ್ಟು ಬರುತ್ತಾರೆ. ಅಲ್ಲೂ ಕಡ್ಡಿ ಜೋಡಿಸುತ್ತಾರೆ, ಮಣ್ಣು ಕಲಸುತ್ತಾರೆ. ನನ್ನ ಕಣ್ಣಿಗೆ ಬೀಳುವ ವ್ಯತ್ಯಾಸ ಒಂದೇ: ಆ ಶಿಬಿರ ಮಗು ಯಾವ ಮನೆಯದೆಂಬುದನ್ನು ಮೊದಲೇ ಸೋಸಿಕೊಂಡಿರುತ್ತದೆ. ಇಲ್ಲಿ ಸೋಸುವವರಿಲ್ಲ. ಅದರಿಂದಲೇ ಇಲ್ಲಿಯ ಜಗಳಗಳೂ ಬೇರೆ ಥರದವು.

ಮಣ್ಣಿನ ದಿನ ಅಕ್ಕನಿಗೆ ಕೆಲಸವೇ ಇರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ವರ್ಷವರ್ಷವೂ ಎತ್ತು ಮಾಡುವ ಕೈಗಳು. ಎರೆಮಣ್ಣನ್ನು ನೆನೆಸಿ, ಹುಲ್ಲಿನ ಚೂರು ಹೆಕ್ಕಿ, ನಾದಿ ನಾದಿ ಹದಕ್ಕೆ ತಂದರು. ಇಣಿ ಎಷ್ಟು ಎತ್ತರ, ಕೋಡು ಯಾವ ಕಡೆ ಬಾಗಬೇಕು ಎಂದು ವಾದ ಎದ್ದಿತು. ಕಿಲಾರಿ ಎತ್ತಿನ ಕೋಡು ಹಿಂದಕ್ಕೆ ಬಾಗಿ ಮೇಲೆದ್ದಿರುತ್ತದೆಂದು ಒಬ್ಬ. ನಮ್ಮಪ್ಪನ ಎತ್ತಿಗೆ ಹಾಗಿಲ್ಲ ಎಂದು ಇನ್ನೊಬ್ಬ. ಬೀರು ತೆರೆಸಿ, ಜಾನುವಾರು ತಳಿಗಳ ಪುಸ್ತಕವೊಂದನ್ನು ಹೊರತೆಗೆಸಿದರು. ಮಣ್ಣುಗೈಯಲ್ಲೇ ಪುಟ ತಿರುವಿದ್ದರಿಂದ ಪುಸ್ತಕದ ಅಂಚಿಗೆಲ್ಲ ಕಪ್ಪು ಬೆರಳಚ್ಚು. ಅಕ್ಕ ನೋಡಿಯೂ ನೋಡದಂತೆ ಇದ್ದರು. ಮೂಲೆಯಲ್ಲಿ ಒಬ್ಬ ಸುಮ್ಮನೆ ಟ್ರ್ಯಾಕ್ಟರ್ ಮಾಡುತ್ತಿದ್ದ. ಎತ್ತು ಯಾಕೆ ಮಾಡಲಿಲ್ಲವೆಂದರೆ, “ನಮ್ಮನ್ಯಾಗ ಎತ್ತs ಇಲ್ರೀ ಸರ್, ಮಾರ್ಯಾರ. ಟ್ರ್ಯಾಕ್ಟರ್ ಬಾಡಿಗಿ ತರ್ತೀವಿ” ಅಂದ. ಎರಡು ದಿನಕ್ಕೆ ಎತ್ತುಗಳೆಲ್ಲ ಒಣಗಿ ಬಿರಿದವು, ಟ್ರ್ಯಾಕ್ಟರೂ ಬಿರಿಯಿತು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಹೊಲದಲ್ಲಿ ದಿನಾ ಕಾಣುವುದನ್ನೇ ಅಂಗೈ ಮೇಲೂ ಕಂಡರು. ಯಾರದೋ ಅಜ್ಜಿ, ಮಣ್ಣಿಗೆ ತುಸು ಹತ್ತಿ ಹಿಂಜಿ ಹಾಕಬೇಕಿತ್ತು ಎಂದು ಹೇಳಿಕಳಿಸಿದರು. ಮರುದಿನ ಹಾಗೇ ಮಾಡಿದರು. ಬಿರುಕು ಬಿಟ್ಟಿತಾದರೂ ಕಾಲು ಮುರಿಯಲಿಲ್ಲ.

ಕಪ್ಪು ಬೆರಳಚ್ಚಿನ ಆ ಪುಸ್ತಕ ಶನಿವಾರ ‘ಆಸ್ಪತ್ರೆ’ ಸೇರಿತು. ಹರಿದ ಪುಸ್ತಕಗಳನ್ನು ಮಕ್ಕಳೇ ಸರಿಮಾಡುವ ದಿನ ಅದು. ಅಕ್ಕ ಮೈದಾ ಅಂಟು ಕುದಿಸಿ ತರುತ್ತಾರೆ. ಹುಳ ಬೀಳದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ. ಅದು ವಿಷ, ಹಾಗಾಗಿ ಬೆರೆಸುವ ಕೆಲಸ ಅವರದೇ, ಕೆಲಸ ಮುಗಿದ ಮೇಲೆ ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಬೇಕೆಂಬುದೂ ಅವರದೇ ಕಟ್ಟಪ್ಪಣೆ. ದಬ್ಬಣ, ದಪ್ಪ ನೂಲು, ಹಳೆಯ ಕ್ಯಾಲೆಂಡರಿನ ಹಾಳೆ ಸಿದ್ಧವಾಗುತ್ತವೆ. ಒಬ್ಬಳು ನೋಟ್‌ಬುಕ್ಕಿನಲ್ಲಿ ‘ರೋಗಿಗಳ ಪಟ್ಟಿ’ ಬರೆಯುತ್ತಾಳೆ. ‘ಹುಲಿ ಪುಸ್ತಕ — ಬೆನ್ನು ಮುರಿದಿದೆ, ಮೂರನೇ ಸಲ.’ ‘ಆನೆ — ಕೊನೇ ಹಾಳೆ ಇಲ್ಲ.’ ಕೊನೆಯ ಹಾಳೆ ಇಲ್ಲದ ಪುಸ್ತಕಕ್ಕೆ ಖಾಲಿ ಹಾಳೆ ಅಂಟಿಸಿ, ಕಥೆ ಗೊತ್ತಿದ್ದವರು ಬರೆದು ತುಂಬಬೇಕು. ಆನೆಯ ಕಥೆಯ ಕೊನೆ ಏನೆಂಬುದರಲ್ಲಿ ಇಬ್ಬರಿಗೆ ಒಮ್ಮತವಾಗದೆ ಎರಡು ಕೊನೆಗಳನ್ನು ಬರೆದರು. ಎರಡನ್ನೂ ಅಂಟಿಸಿದರು.

ಒಮ್ಮೆಯೂ ಆಸ್ಪತ್ರೆ ಸೇರದ ಪುಸ್ತಕಗಳೂ ಇವೆ. ಸಗಟು ಖರೀದಿಯಲ್ಲಿ ಬಂದ ದಪ್ಪ ರಟ್ಟಿನ ಗ್ರಂಥಗಳು ಮೇಲಿನ ಅರೆಯಲ್ಲಿ ಮಿರುಗುತ್ತಿವೆ. ಮಕ್ಕಳ ಪುಸ್ತಕದ ಆಯ್ಕೆಯನ್ನು ಮಕ್ಕಳನ್ನು ಕಂಡವರು ಮಾಡಬೇಕು. ಹರಿದ ಪುಸ್ತಕಗಳ ಪಟ್ಟಿಯನ್ನೇ ಮುಂದಿಟ್ಟುಕೊಂಡು ಮುಂದಿನ ವರ್ಷದ ಖರೀದಿ ಮಾಡಿದರೆ ಅದಕ್ಕಿಂತ ಒಳ್ಳೆಯ ಸಮಿತಿ ಬೇಕಿಲ್ಲ. ಹಣ ಯಾರದೆಂಬುದನ್ನೂ ನೆನೆಯಬೇಕು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದಾಗಿನಿಂದ ಕರ್ನಾಟಕದಲ್ಲಿ ಗ್ರಂಥಾಲಯಕ್ಕೆ ತೆರಿಗೆಯ ಆಧಾರವಿದೆ. ಈಗ ಮನೆ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ. ಪಂಚಾಯಿತಿಯ ರಸೀತಿಯಲ್ಲಿ ಆ ಸಾಲು ಕಂಡು, “ನಾ ಏನ್ ಲೈಬ್ರರಿಗೆ ಹೋಗ್ತೇನ?” ಎಂದು ತಕರಾರು ತೆಗೆದವರ ಮಗನೇ ಇಲ್ಲಿ ಮುಳ್ಳು ಕೊರೆಯುತ್ತ ಕೂತಿದ್ದ.

ಗಟ್ಟಿ ಓದು ನಡೆಯುವುದು ಮಧ್ಯಾಹ್ನದ ಊಟಕ್ಕೆ ಮೊದಲು. ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಆರನೇ ಇಯತ್ತೆ ಮುಗಿಸಿದ ಎತ್ತರದ ಹುಡುಗನೊಬ್ಬ ಓದುವವರ ಸಾಲಿಗೆ ಬರುತ್ತಿರಲಿಲ್ಲ. ಒತ್ತಕ್ಷರ ಕಂಡರೆ ಅವನಿಗೆ ಗಂಟಲು ಕಟ್ಟುತ್ತದೆ. ಶಾಲೆ ಮುಚ್ಚಿದ ಕಾಲದಲ್ಲಿ ಅಪ್ಪ-ಅವ್ವನ ಜೊತೆ ಊರೂರು ತಿರುಗಿದವನು, ಅಕ್ಷರ ಕೂಡಿಸುವುದನ್ನು ಅಲ್ಲೇ ಕೈಬಿಟ್ಟಿದ್ದ. ಅಕ್ಕ ಅವನಿಗೆ ಬೇರೆ ಕೆಲಸ ಕೊಟ್ಟಿದ್ದರು: ಸಣ್ಣವರ ಗುಂಪಿಗೆ ಚಿತ್ರಪುಸ್ತಕ ಹಿಡಿದು ತೋರಿಸುವುದು. ಪುಟಕ್ಕೆ ಎರಡೇ ಸಾಲು, ದೊಡ್ಡ ಅಕ್ಷರ. ಸಣ್ಣವರು ಸುಮ್ಮನಿರುತ್ತಾರೆಯೇ? “ಇಲ್ಲೇನ್ ಬರ್ದಾರ ಹೇಳೋ ಅಣ್ಣಾ” ಎಂದು ಬೆರಳಿಟ್ಟು ಕಾಡುತ್ತಾರೆ. ಅವರಿಗಾಗಿ ಅವನು ಓದಲೇಬೇಕು. ಸಣ್ಣವರ ಮುಂದೆ ತಡವರಿಸಿದರೆ ನಗುವವರಿಲ್ಲ. ಹಿಂದಿನ ಸಂಜೆ ಅದೇ ಪುಸ್ತಕವನ್ನು ಅವನು ಮನೆಗೆ ಒಯ್ದು ತಯಾರಿ ಮಾಡಿಕೊಂಡು ಬರುವ ಗುಟ್ಟು ಅಕ್ಕನ ರಿಜಿಸ್ಟರಿನಲ್ಲಿದೆ.

ಮನೆಗೆ ಒಯ್ಯುವ ಪುಸ್ತಕಗಳ ಕಥೆ ಇನ್ನೊಂದು. ಹುಡುಗಿಯರು ಎರಡು ಒಯ್ಯುತ್ತಾರೆ, ಒಂದು ತಮಗೆ, ಒಂದು ಅವ್ವನಿಗೆ. ಅವ್ವನಿಗೆ ಓದು ಬಾರದಿದ್ದರೂ ಸರಿ. ಸಂಜೆ ಒಲೆಯ ಮುಂದೆ ಅವ್ವ ರೊಟ್ಟಿ ಬಡಿಯುವಾಗ ಮಗಳು ಬಾಗಿಲ ಬೆಳಕಿನಲ್ಲಿ ಕೂತು ಓದುತ್ತಾಳೆ. ಬಡಿಯುವ ಸದ್ದು ಜೋರಾದಾಗ ನಿಲ್ಲಿಸಬೇಕು. ರೊಟ್ಟಿ ಹಂಚಿಗೆ ಬಿದ್ದ ಮೇಲೆ ಮುಂದುವರಿಸಬೇಕು. ಹೀಗಾಗಿ ಒಂದು ಕಥೆಗೆ ಹತ್ತು ಹನ್ನೆರಡು ರೊಟ್ಟಿ ಹಿಡಿಯುತ್ತದೆ ಎಂದು ಒಬ್ಬಳು ಲೆಕ್ಕ ಕೊಟ್ಟಳು. ಕಥೆಯಲ್ಲಿ ಸೊಸೆಗೆ ಕಷ್ಟ ಬಂದರೆ ಅವ್ವ ನಡುವೆ ಬಾಯಿ ಹಾಕುತ್ತಾಳಂತೆ. ಕಷ್ಟ ಕೊಟ್ಟ ಅತ್ತೆಗೆ ಬೈಗುಳ. ಪಕ್ಕದ ಕೋಣೆಯಿಂದ ನಿಜವಾದ ಅತ್ತೆ ಕೆಮ್ಮುತ್ತಾಳಂತೆ.

ಚದುರಂಗದ ಮಣೆಗಳೂ ಇವೆ, ಕೇರಂ ಕೂಡ. ದಾನಿಗಳು ಕೊಟ್ಟ ಕಂಪ್ಯೂಟರೂ ಇದೆ, ಕರೆಂಟು ಇದ್ದಾಗ. ಕುವೆಂಪು ಅವರ ಕಿಂದರಿಜೋಗಿಯನ್ನು ಆಡಲು ಹೊರಟವರಿಗೆ ಜೋಗಿಯಾಗುವವರು ಹನ್ನೊಂದು ಮಂದಿ, ಇಲಿಯಾಗಲು ಒಬ್ಬನೂ ಸಿಗಲಿಲ್ಲ. ರಟ್ಟಿನ ಕಿವಿ, ತೆಂಗಿನ ನಾರಿನ ಮೀಸೆ ತಯಾರಾದ ಮೇಲೆ ಲೆಕ್ಕ ತಿರುಗಿ, ಜೋಗಿಯಾಗಲು ಯಾರೂ ಇಲ್ಲದಂತಾಯಿತು. ಇವೆಲ್ಲದರ ನಡುವೆ ಫೋಟೋ ಎಂಬ ಒಂದು ಪೀಡೆ ಇದೆ. ಪ್ರತಿ ಚಟುವಟಿಕೆಗೂ ಬ್ಯಾನರ್ ಹಿಡಿದು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಕು. ಆಟ ಕಾವೇರಿದ ಹೊತ್ತಿಗೆ ಸರಿಯಾಗಿ ಎಲ್ಲರೂ ಎದ್ದು ಸಾಲಾಗಿ ನಿಂತು ನಗಬೇಕು. ಪುಸ್ತಕ ತಲೆಕೆಳಗಾಗಿ ಹಿಡಿದವರನ್ನು ತಿದ್ದುವಷ್ಟರಲ್ಲಿ ಜಮಖಾನದ ಮೇಲಿನ ಚೌಕ, ತ್ರಿಕೋನಗಳು ಕಾಲ್ತುಳಿತಕ್ಕೆ ಸಿಕ್ಕಿರುತ್ತವೆ.

ಶಿಬಿರದ ಕೊನೆಯ ವಾರ ಊರ ನಕ್ಷೆ ಬರೆಯುವ ಕೆಲಸ. ಆರು ಚಾರ್ಟ್ ಹಾಳೆಗಳನ್ನು ಅಂಟಿಸಿ, ಜಮಖಾನದ ಮೇಲೆ ಹಾಸಿ, ಗಾಳಿಗೆ ಏಳದಂತೆ ಮೂಲೆಗೊಂದು ನಿಘಂಟು ಇಟ್ಟರು. ಎಲ್ಲಿಂದ ಶುರು? ಅಗಸಿಯಿಂದ ಎಂದು ಕೆಲವರು. ಬಸ್ಟ್ಯಾಂಡಿನಿಂದ ಎಂದು ಇನ್ನು ಕೆಲವರು. ಅಗಸಿ ಗೆದ್ದಿತು. ಹನುಮಪ್ಪನ ಗುಡಿ, ದ್ಯಾಮವ್ವನ ಗುಡಿ, ಮಸೂತಿ, ಹಿಟ್ಟಿನ ಗಿರಣಿ, ರೇಷನ್ ಅಂಗಡಿ, ನೀರಿನ ಟ್ಯಾಂಕು ಒಂದೊಂದಾಗಿ ಏಳತೊಡಗಿದವು. ಪೆನ್ಸಿಲ್ ಹಿಡಿದವರು ಅಗಸಿ ಓಣಿಯ ಹುಡುಗರು. ಹೀಗಾಗಿ ಅಗಸಿ ಓಣಿ ಹಾಳೆಯ ಅರ್ಧ ನುಂಗಿತು. ಅವರ ಮನೆಗಳಿಗೆ ಬಾಗಿಲು, ಕಿಟಕಿ, ತುಳಸಿಕಟ್ಟೆ, ಕಟ್ಟಿಹಾಕಿದ ಎಮ್ಮೆ ಎಲ್ಲ ಬಂದವು. ಮಡ್ಡಿ ಓಣಿಗೆ ಸಣ್ಣ ಸಣ್ಣ ಡಬ್ಬಿಗಳು. ಹಳ್ಳ ಬರುವಷ್ಟರಲ್ಲಿ ಹಾಳೆ ಮುಗಿಯಿತು.

ಹಳ್ಳದಾಚೆ ಕಾಲನಿ ಇದೆ. ಅಲ್ಲಿಂದ ಬರುವ ಏಳೆಂಟು ಮಕ್ಕಳು ಸುತ್ತ ಕೂತು ನೋಡುತ್ತಿದ್ದರು. ಅವರಲ್ಲಿ ಒಬ್ಬಳು, ಸೊಂಟದ ಮೇಲೆ ತಮ್ಮನನ್ನು ಹೊತ್ತೇ ಬರುವವಳು, “ನಮ್ಮ ಕಾಲನಿ ಎಲ್ಲೈತ್ರಿ?” ಅಂದಳು. ಪೆನ್ಸಿಲ್ಲಿನವ ತಲೆ ಎತ್ತದೆ, “ಅಲ್ಲಿಗೆ ಜಾಗಾ ಇಲ್ಲ” ಅಂದ. ಅವನ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಹಾಳೆಯಲ್ಲಿ ಜಾಗ ಇರಲಿಲ್ಲ, ಅದು ದಿಟ. ಅಂಥ ದಿಟಗಳಿಂದಲೇ ಊರುಗಳು ಕಟ್ಟಿಕೊಂಡಿವೆ. ಅಕ್ಕ ಏನಾದರೂ ಹೇಳಿಯಾರೆಂದು ಕಾದೆ. ಅವರು ಅಂಟಿನ ಡಬ್ಬಿಯನ್ನು ಹುಡುಗಿಯ ಕಡೆ ಸರಿಸಿದರು, ಅಷ್ಟೇ. ಅವಳು ತಮ್ಮನನ್ನು ಇಳಿಸಿ, ಹೊಸ ಹಾಳೆ ತೆಗೆದುಕೊಂಡು, ಹಳ್ಳದ ಅಂಚಿಗೆ ಅಂಟು ಸವರಿ ಕೂಡಿಸಿದಳು. ಹಾಳೆ ಜಮಖಾನ ದಾಟಿ ಬರಿ ನೆಲಕ್ಕೆ ಬಂತು. ಕಾಲನಿಯ ಮಕ್ಕಳು ಸೇರಿ ಬರೆದ ಆ ಒಂದು ಹಾಳೆಯಲ್ಲಿ ಮನೆಗಳು ಒತ್ತೊತ್ತಾಗಿದ್ದವು, ಬೋರಿಂಗ್ ಇತ್ತು, ಅಂಬೇಡ್ಕರ್ ಫೋಟೋ ಇರುವ ಸಮುದಾಯ ಭವನ ಇತ್ತು, ದೀಪದ ಕಂಬಗಳಿದ್ದವು. ಅಗಸಿ ಓಣಿಯವರಿಗೆ ದೀಪದ ಕಂಬ ಬರೆಯಬೇಕೆಂದೇ ಹೊಳೆದಿರಲಿಲ್ಲ.

ಆಗ ಎಲ್ಲ ಓಣಿಗೂ ಕಂಬ ಬರೆಯಬೇಕೆಂದಾಯಿತು. ಎಷ್ಟಿವೆಯೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮರುದಿನ ಬಿಸಿಲೇರುವ ಮೊದಲು ಇಡೀ ಗುಂಪು ನೋಟ್‌ಬುಕ್ ಹಿಡಿದು ಊರು ಸುತ್ತಿತು. ಅಗಸಿ ಓಣಿಯ ಕೆಲವರು ಹಳ್ಳ ದಾಟಿದ್ದು ಅದೇ ಮೊದಲು. ನಡೆದರೆ ಐದು ನಿಮಿಷದ ದಾರಿ. ಕಾಲನಿಯಲ್ಲಿ ಕಂಬ ಏಳು, ರಾತ್ರಿ ಉರಿಯುವುದು ಎರಡು ಎಂದು ಅಲ್ಲಿಯವರು ಹೇಳಿದ್ದನ್ನು ಬರೆದುಕೊಂಡರು. ಒಬ್ಬ ಅಜ್ಜಿ ಚೊಂಬಿನಲ್ಲಿ ನೀರು ತಂದು ಎಲ್ಲರಿಗೂ ಕೊಟ್ಟರು. ಎಲ್ಲರೂ ಕುಡಿದರು. ಮನೆಗೆ ಹೋಗಿ ಹೇಳಿದರೋ ಇಲ್ಲವೋ ನಾನು ಕೇಳಲಿಲ್ಲ.

ಗ್ರಂಥಾಲಯಕ್ಕೆ ಸಾವಿರ ಉಪಯೋಗ ಹೇಳಬಹುದು. ಈ ಊರಿನಲ್ಲಿ ನಾನು ಕಂಡದ್ದು ಮಾತ್ರ ಇದು: ಗುಡಿಯಲ್ಲಿ, ಕಟ್ಟೆಯ ಮೇಲೆ, ಹೋಟೆಲಿನಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಕೂರುವ ಮೊದಲೇ ತೀರ್ಮಾನವಾಗಿರುತ್ತದೆ. ಶಾಲೆಯಲ್ಲಿ ಇಯತ್ತೆಯ ಪ್ರಕಾರ ಕೂಡಿಸುತ್ತಾರೆ. ಜಮಖಾನದ ಮೇಲೆ ಮೊದಲು ಬಂದವರು ಫ್ಯಾನಿನಡಿ ಕೂರುತ್ತಾರೆ, ತಡವಾದವರು ಬಾಗಿಲ ಹತ್ತಿರ. ಕಾಲನಿಯ ಮಕ್ಕಳು ಬೇಗ ಬರುತ್ತಾರೆ.

ನಕ್ಷೆಯನ್ನು ಬಟ್ಟೆಯ ಮೇಲೆ ಅಂಟಿಸಿ ಗೋಡೆಗೆ ತೂಗುಹಾಕಿದರು. ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಕರೆಯಬೇಕು, ಅಲ್ಲಿ ಮಕ್ಕಳು ಕೇಳಿದ್ದಕ್ಕೆ ಅಧ್ಯಕ್ಷರು, ಪಿಡಿಒ ಉತ್ತರ ಕೊಡಬೇಕು. ನವೆಂಬರಿನಲ್ಲಿ ಇಲ್ಲಿ ಸಭೆ ನಡೆದಾಗ ನಾನೂ ಹೋಗಿದ್ದೆ. ಹೊಲದಲ್ಲಿ ಕಡಲೆ ಗೇಣುದ್ದ ಎದ್ದಿತ್ತು. ಶಾಮಿಯಾನದ ಕೆಳಗೆ ಮಕ್ಕಳು ಆ ನಕ್ಷೆಯನ್ನು ಇಬ್ಬರು ಹಿಡಿದು ತಂದು ನಿಲ್ಲಿಸಿದರು. ಏಳನೇ ಹಾಳೆ ಹೊರಗೆ ಚಾಚಿಕೊಂಡಿದ್ದರಿಂದ ಮೂರನೆಯವನೊಬ್ಬ ಅದನ್ನು ಎತ್ತಿ ಹಿಡಿಯಬೇಕಾಯಿತು. ಅಂಟು ಹಚ್ಚಿದ ಹುಡುಗಿ ಓದಿದಳು: ಯಾವ ಓಣಿಯಲ್ಲಿ ಎಷ್ಟು ಕಂಬ, ಎಷ್ಟು ಉರಿಯುತ್ತವೆ, ಲೈಬ್ರರಿಯಿಂದ ಸಂಜೆ ಮನೆಗೆ ಹೋಗುವಾಗ ಹಳ್ಳದ ಹತ್ತಿರ ಎಷ್ಟು ಕತ್ತಲೆ. ಸದಸ್ಯರೊಬ್ಬರು ಮೆಚ್ಚುಗೆಯಿಂದಲೇ, “ಯಾರ ಮಗಳವಾ ನೀ?” ಅಂದರು. ಅವಳು ಅಪ್ಪನ ಹೆಸರು ಹೇಳಿದಳು. ಸದಸ್ಯರು “ಹಾಂ ಹಾಂ” ಎಂದು ಸುಮ್ಮನಾದರು.

ಪಿಡಿಒ ಎದ್ದು, ಈ ವರ್ಷದ ಕ್ರಿಯಾಯೋಜನೆ ಆಗಿಹೋಗಿದೆ, ಹೊಸ ಕಂಬ ಮುಂದಿನ ವರ್ಷಕ್ಕೆ ನೋಡೋಣ, ಕೆಟ್ಟ ಬಲ್ಬುಗಳನ್ನು ಮಾತ್ರ ಸ್ವಂತ ಸಂಪನ್ಮೂಲದಲ್ಲಿ ಹಾಕಿಸಬಹುದು ಎಂದರು. ಮಕ್ಕಳ ಕಡೆಯಿಂದ ಚಪ್ಪಾಳೆ ಬೀಳಬೇಕಿತ್ತು, ಶಿಕ್ಷಕರು ಆಗಲೇ ಕೈ ಎತ್ತಿದ್ದರು. ಅಷ್ಟರಲ್ಲಿ ಹಾಳೆ ಎತ್ತಿ ಹಿಡಿದಿದ್ದ ಹುಡುಗ, ಒತ್ತಕ್ಷರಕ್ಕೆ ಅಂಜುತ್ತಿದ್ದವನು, “ಯಾವತ್ ಹಾಕಸ್ತೀರಿ ಸರ್? ತಾರೀಖ ಹೇಳ್ರಿ, ಬರ್ಕೊಂತೀವಿ” ಅಂದ. ಪಿಡಿಒ ನಕ್ಕರು. ಹುಡುಗ ನಗಲಿಲ್ಲ. ಹುಡುಗಿ ಪೆನ್ನು ತೆಗೆದು ನೋಟ್‌ಬುಕ್ ಬಿಚ್ಚಿದಳು. ಸೋಮವಾರ ಎಂದು ಬರೆಸಿದರು ಪಿಡಿಒ. ಯಾವ ಸೋಮವಾರ ಎಂದು ಇನ್ನೊಬ್ಬಳು ಕೇಳಿದಳು.